ಗೋಡೆ ನಮ್ಮಲ್ಲೇ ಸಿಕ್ಕೀತು, ಕೊಂಡಿ ಎಲ್ಲಿಂದ ತರೋಣ?

ಆಲಮಟ್ಟಿಯ ಸುದ್ದಿ ಓದುವವರಿಗೆ ಗೊಂದಲವಾಗುವುದು ಸಹಜ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಬೇಕಾದ ಜಮೀನಿನ ದರ ಗೊತ್ತು ಮಾಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಜಮೀನಿಗೆ 30 ಲಕ್ಷ. ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿದರೆ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ. ಜೊತೆಗೆ ಹಳ್ಳಿಗಳು ಹೋಗುತ್ತವೆ, ಬಾಗಲಕೋಟೆ ಪಟ್ಟಣದ ಒಂದಿಷ್ಟು ಭಾಗವೂ ಹೋಗುತ್ತದೆ. ಇತ್ತ ದರ ಗೊತ್ತಾಗಿದೆ. ಅತ್ತ ಮಹಾರಾಷ್ಟ್ರ ಎತ್ತರ ಬೇಡ ಎನ್ನುತ್ತಿದೆ, ಕೃಷ್ಣಾ ನೀರು ಹಂಚಿಕೆಯ ನ್ಯಾಯಮಂಡಳಿ ತೀರ್ಪಿನ ಗೆಜೆಟ್ ಅಧಿಸೂಚನೆ ಸುಪ್ರೀಂ ಕೋರ್ಟಿನ ಮೊಕದ್ದಮೆಯಲ್ಲಿ ಸಿಕ್ಕಿಕೊಂಡಿದೆ.

ಹಾಗಾದರೆ ಜನ ಯಾವಾಗ ಎದ್ದು ಹೋಗಬೇಕು? ಹೋದ ಕಡೆ ಮನೆ ಇರುತ್ತಾ? ಈ ಪ್ರಶ್ನೆ ಎದ್ದಾಗಲೆಲ್ಲ ಒಂದು ಸುಲಭದ ಉತ್ತರವೂ ಬರುತ್ತದೆ. ಈಗೆಲ್ಲ ಗೋಡೆ, ಸ್ಲ್ಯಾಬ್ ಫ್ಯಾಕ್ಟರಿಯಲ್ಲೇ ತಯಾರಾಗುತ್ತವಲ್ಲ, ತಂದು ನಿಲ್ಲಿಸಿದರೆ ಆಯ್ತು ಅಂತ.

ಆ ಮಾತು ಸುಳ್ಳಲ್ಲ, ಅರ್ಧ ನಿಜ. ಗೋಡೆ ನಿಲ್ಲಿಸುವುದು ಕೊನೆಯ ದಿನದ ಕೆಲಸ. ಅದಕ್ಕೆ ಮುಂಚೆ ಸಿಮೆಂಟು, ಸರಳು, ಅಚ್ಚು, ಕೊಂಡಿ, ಲಾರಿ, ಕ್ರೇನು, ದುಡ್ಡು ಎಲ್ಲವೂ ಸರಿಯಾದ ದಿನಕ್ಕೆ ಒಂದೇ ಕಡೆ ಸೇರಬೇಕು. ಇದನ್ನೇ ಪೂರೈಕೆ ಸರಪಳಿ ಅನ್ನುವುದು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಈ ಸರಪಳಿ ಎಲ್ಲಿ ಗಟ್ಟಿ, ಎಲ್ಲಿ ಕಿತ್ತುಹೋಗುತ್ತದೆ ಅನ್ನುವುದನ್ನು ಈಗಲೇ ನೋಡಿಕೊಳ್ಳಬೇಕು.

ಅವಸರ ಯಾಕೆ ಬಂತು

ಈ ಭಾಗಕ್ಕೆ ಮನೆ ಕಳೆದುಕೊಳ್ಳುವುದು ಹೊಸದಲ್ಲ. 2009ರ ನೆರೆ, 2019ರ ನೆರೆ, ಎರಡೂ ಸಲ ಮಣ್ಣಿನ ಮಾಳಿಗೆ ಮನೆಗಳು ಸಾಲುಸಾಲಾಗಿ ಬಿದ್ದವು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಹಣ ಬಂದ ಮೇಲೂ ಎಷ್ಟೋ ಮನೆಗಳು ತಳಪಾಯಕ್ಕೇ ನಿಂತವು. ಎಲ್ಲರೂ ಒಂದೇ ಹೊತ್ತಿಗೆ ಕಟ್ಟಲು ಹೊರಟರೆ ಗೌಂಡಿ ಸಿಗುವುದಿಲ್ಲ, ಮರಳಿನ ದರ ಏರುತ್ತದೆ, ಸೆಂಟ್ರಿಂಗ್ ಸಾಮಾನಿಗೆ ಸರದಿ ನಿಲ್ಲಬೇಕಾಗುತ್ತದೆ. ಅದಕ್ಕೆ ಸೇರಿ ಇನ್ನೊಂದು ಸಂಗತಿ. ನಮ್ಮ ಜಿಲ್ಲೆಗಳ ಕಟ್ಟಡ ಕೆಲಸಗಾರರಲ್ಲಿ ಬಹಳ ಜನ ಗೋವಾ, ಮಂಗಳೂರು, ಬೆಂಗಳೂರು, ಪುಣೆ ಕಡೆ ಗುಳೆ ಹೋಗಿರುತ್ತಾರೆ. ಮನೆ ಕಟ್ಟುವ ಕೈಗಳೇ ಊರಲ್ಲಿಲ್ಲ.

ಪ್ರಿಕಾಸ್ಟ್ ಪದ್ಧತಿಯ ಆಕರ್ಷಣೆ ಇರುವುದು ಇಲ್ಲೇ. ಗೋಡೆ, ಸ್ಲ್ಯಾಬ್, ಮೆಟ್ಟಿಲನ್ನು ಒಂದು ಅಂಗಳದಲ್ಲಿ ಅಚ್ಚಿಗೆ ಹಾಕಿ, ನೀರುಣಿಸಿ, ಗಟ್ಟಿಯಾದ ಮೇಲೆ ಜಾಗಕ್ಕೆ ಒಯ್ದು ಜೋಡಿಸುವುದು. ಇದು ನಮಗೆ ತೀರ ಹೊಸದೂ ಅಲ್ಲ. ರೆಡಿಮೇಡ್ ಕಾಂಪೌಂಡ್ ಫಲಕ, ಸಿಮೆಂಟ್ ಚೌಕಟ್ಟು, ಬಾವಿಯ ರಿಂಗು ತಯಾರಿಸುವವರು ತಾಲೂಕಿಗೆ ನಾಲ್ಕು ಜನ ಸಿಗುತ್ತಾರೆ. ಮನೆ ಅಂದಾಗ ತೂಕ, ಅಳತೆ, ಜವಾಬ್ದಾರಿ ಮೂರೂ ಜಾಸ್ತಿಯಾಗುತ್ತವೆ, ಅಷ್ಟೇ.

ಭಾರ ನಮ್ಮದು

ಕಾಂಕ್ರೀಟ್ ಒಂದು ಘನ ಮೀಟರ್‌ಗೆ ಸುಮಾರು 2,400 ಕೆಜಿ ತೂಗುತ್ತದೆ. ಆರಿಂಚು ದಪ್ಪ, ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂದೇ ಒಂದು ಗೋಡೆ ಮೂರು ಟನ್ ದಾಟುತ್ತದೆ. ಐನೂರು ಚದರಡಿಯ ಸಣ್ಣ ಮನೆಗೆ ಗೋಡೆ, ಸ್ಲ್ಯಾಬ್ ಎಲ್ಲ ಸೇರಿ ಐವತ್ತು ಟನ್ ಆಸುಪಾಸು. ಅಂದರೆ ಒಂದು ಮನೆಗೆ ದೊಡ್ಡ ಲಾರಿಯ ಎರಡು ಮೂರು ಟ್ರಿಪ್ಪು. ಸಾವಿರ ಮನೆಗೆ ಎರಡು ಮೂರು ಸಾವಿರ ಟ್ರಿಪ್ಪು.

ಇಷ್ಟು ಭಾರದ ಮಾಲನ್ನು ದೂರದಿಂದ ತಂದರೆ ಬಾಡಿಗೆಯೇ ಲಾಭ ತಿನ್ನುತ್ತದೆ. ಅದಕ್ಕೇ ಪ್ರಿಕಾಸ್ಟ್ ಯಾವತ್ತೂ ಹತ್ತಿರದ ಊರಿನ ಉದ್ಯಮ. ಬೆಂಗಳೂರು, ಪುಣೆಯ ಕಾರ್ಖಾನೆ ಎಷ್ಟು ದೊಡ್ಡದಿದ್ದರೂ ಬೀಳಗಿ, ಕೊಲ್ಹಾರದ ಮನೆಗೆ ಅದು ಉಪಯೋಗಕ್ಕೆ ಬರುವುದು ಕಷ್ಟ.

ಈ ಲೆಕ್ಕದಲ್ಲಿ ನಮ್ಮ ಜಿಲ್ಲೆಗಳ ಅದೃಷ್ಟ ಚೆನ್ನಾಗಿದೆ. ಲೋಕಾಪುರ, ಮುದ್ದಾಪುರ, ಯಾದವಾಡದ ಸುಣ್ಣಕಲ್ಲಿನ ಪಟ್ಟಿಯಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಬಾಗಲಕೋಟೆ ಊರಿಗೇ ಸಿಮೆಂಟಿನ ಹಳೆಯ ನಂಟಿದೆ. ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ, ಅಲ್ಲಿಂದ ಸಿಮೆಂಟಿಗೆ, ಇಟ್ಟಿಗೆಗೆ ಬೆರೆಸುವ ಹಾರುಬೂದಿ ಸಿಗುತ್ತದೆ. ಇಳಕಲ್ಲಿನ ಸುತ್ತ ಗ್ರಾನೈಟ್ ಇದೆ, ಕ್ರಷರ್‌ಗಳಿವೆ, ಎಂ-ಸ್ಯಾಂಡ್ ಇದೆ. ಕಬ್ಬಿಣಕ್ಕೆ ಬಳ್ಳಾರಿ ಬಳಿಯ ತೋರಣಗಲ್ಲು ದೂರವೇನಲ್ಲ. ಮನೆಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಭಾಗ ಒಂದು ಹಗಲಿನ ಲಾರಿ ದಾರಿಯೊಳಗೇ ಸಿಗುತ್ತದೆ. ಇಂಥ ಅನುಕೂಲ ಇರುವ ಜಿಲ್ಲೆಗಳು ಕಡಿಮೆ.

ಆದರೂ ಒಂದೊಂದಕ್ಕೂ ಅದರದ್ದೇ ಏರಿಳಿತ ಉಂಟು. ಹಾರುಬೂದಿ ಬರುವುದು ಕಲ್ಲಿದ್ದಲು ಉರಿದಾಗ. ಮಳೆಗಾಲದಲ್ಲಿ ಜಲವಿದ್ಯುತ್ತು, ಗಾಳಿ ವಿದ್ಯುತ್ತು ಹೆಚ್ಚಾದರೆ ಉಷ್ಣ ಸ್ಥಾವರದ ಉತ್ಪಾದನೆ ಇಳಿಸುತ್ತಾರೆ, ಬೂದಿಯೂ ಇಳಿಯುತ್ತದೆ. ಕಬ್ಬಿಣದ ದರವಂತೂ ಲೋಕದ ಜೊತೆ ಕುಣಿಯುತ್ತದೆ. 2022ರಲ್ಲಿ ಉಕ್ರೇನ್ ಯುದ್ಧದ ಹೊತ್ತಿಗೆ ಉಕ್ಕಿನ ದರ ಎಷ್ಟು ಏರಿತೆಂದರೆ, ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಫ್ತು ಸುಂಕ ಹಾಕಿ ತಡೆಯಬೇಕಾಯಿತು. ನವೆಂಬರ್‌ನಲ್ಲಿ ಅದನ್ನು ತೆಗೆಯಿತು. ತೋರಣಗಲ್ಲು ಹತ್ತಿರ ಇದೆ ಅಂದ ಮಾತ್ರಕ್ಕೆ ದರವೂ ನಮ್ಮ ಕೈಯಲ್ಲಿದೆ ಅಂತಲ್ಲ.

ಕೊಂಡಿ ಹೊರಗಿನದು

ಸರಪಳಿ ಕಿತ್ತುಹೋಗುವುದು ಸಾಮಾನ್ಯವಾಗಿ ಭಾರದ ಸಾಮಾನಿನ ಕಡೆ ಅಲ್ಲ. ತೂಕದಲ್ಲಿ ಏನೂ ಅಲ್ಲದ ಸಣ್ಣ ಸಾಮಾನಿನ ಕಡೆ.

ಮೂರು ಟನ್ ಗೋಡೆಯನ್ನು ಎತ್ತಬೇಕಾದರೆ ಅದರೊಳಗೆ ಮೊದಲೇ ಹುದುಗಿಸಿದ ಎತ್ತುವ ಕೊಕ್ಕೆ ಬೇಕು. ಎರಡು ಗೋಡೆ ಸೇರುವಲ್ಲಿ ತಂತಿಯ ಕುಣಿಕೆ, ಉಕ್ಕಿನ ಪ್ಲೇಟು, ಸರಳು ಕೂಡಿಸುವ ಕಪ್ಲರ್ ಬೇಕು. ಸಂದು ತುಂಬಲು ಕುಗ್ಗದ ಗ್ರೌಟ್ ಬೇಕು. ಹೊರಗಿನ ಸಂದಿಗೆ ನೀರು ತಡೆಯುವ ಸೀಲೆಂಟ್ ಬೇಕು. ಅಚ್ಚಿಗೆ ಹಚ್ಚುವ ಎಣ್ಣೆ ಬೇಕು. ನಿಲ್ಲಿಸಿದ ಗೋಡೆ ಬೀಳದಂತೆ ಹಿಡಿಯುವ ಓರೆ ಕಂಬ ಬೇಕು. ಇವುಗಳಲ್ಲಿ ಹೆಚ್ಚಿನವು ಬಾಗಲಕೋಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುವ ಸಾಮಾನಲ್ಲ. ಪುಣೆ, ಮುಂಬೈ, ಬೆಂಗಳೂರಿನ ಕೆಲವೇ ವ್ಯಾಪಾರಿಗಳಿಂದ ಬರಬೇಕು. ಒಂದು ಪೆಟ್ಟಿಗೆ ಕೊಕ್ಕೆ ಹತ್ತು ದಿನ ತಡವಾದರೆ ಅಷ್ಟೂ ದಿನ ಅಚ್ಚು ಖಾಲಿ, ಕ್ರೇನಿಗೆ ಸುಮ್ನೆ ಬಾಡಿಗೆ, ಕೆಲಸಗಾರರಿಗೆ ಕೂತಲ್ಲೇ ಕೂಲಿ.

ಸಾಮಾನ್ಯ ಕಟ್ಟಡದಲ್ಲಿ ಹೀಗಾಗುವುದಿಲ್ಲ. ಕಿಟಕಿ ಬರದಿದ್ದರೆ ಗೌಂಡಿ ಪಕ್ಕದ ಗೋಡೆ ಏರಿಸುತ್ತಾನೆ. ಮರಳು ಬರದಿದ್ದರೆ ಕಲ್ಲು ಜೋಡಿಸುತ್ತಾನೆ. ಹತ್ತು ಸಣ್ಣ ತಡೆಗಳನ್ನು ಅಲ್ಲಲ್ಲೇ ನುಂಗಿಕೊಂಡು ಕೆಲಸ ನಿಧಾನಕ್ಕಾದರೂ ನಡೆಯುತ್ತದೆ. ಪ್ರಿಕಾಸ್ಟ್‌ನಲ್ಲಿ ಒಂದರ ಹಿಂದೆ ಒಂದೇ ಬರಬೇಕು. ಮಧ್ಯದ ಒಂದು ತುಂಡು ಇಲ್ಲದಿದ್ದರೆ ಎಲ್ಲವೂ ನಿಲ್ಲುತ್ತದೆ. ವೇಗ ಎಲ್ಲಿಂದ ಬರುತ್ತದೋ ಅಪಾಯವೂ ಅಲ್ಲಿಂದಲೇ ಬರುತ್ತದೆ.

ಸಿಗದ ಸಾಮಾನಿನ ಬದಲು ಸಿಕ್ಕಿದ್ದನ್ನು ಹಾಕಿದರೆ ಇನ್ನೂ ಕೆಟ್ಟದ್ದು. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಫಲಕದ ಕಟ್ಟಡದಲ್ಲಿ 18ನೇ ಮಹಡಿಯ ಮನೆಯೊಂದರಲ್ಲಿ ಗ್ಯಾಸ್ ಸ್ಫೋಟವಾಯಿತು. ಒಂದು ಗೋಡೆ ಹೊರಗೆ ಹಾರಿತು. ಅದರ ಆಸರೆ ತಪ್ಪಿದ್ದೇ ಆ ಮೂಲೆಯ ಮಹಡಿಗಳು ಒಂದರ ಮೇಲೊಂದು ಕುಸಿದವು. ನಾಲ್ಕು ಜನ ಸತ್ತರು. ಫಲಕಗಳಲ್ಲಿ ದೋಷವಿರಲಿಲ್ಲ, ಅವುಗಳನ್ನು ಕೂಡಿಸಿದ ಕೀಲು ಸೋತಿತ್ತು. ಮುಂದೆ ಆ ಕಟ್ಟಡ ಕೆಡವಿದಾಗ ಕೆಲವು ಸಂದುಗಳಲ್ಲಿ ಗಾರೆಯ ಬದಲು ಹಳೆ ಪೇಪರ್ ತುರುಕಿದ್ದು ಕಂಡಿತು. ವಿಜಯಪುರದ ಕಡೆ ಈಚಿನ ವರ್ಷಗಳಲ್ಲಿ ಭೂಮಿ ಆಗಾಗ ಸಣ್ಣಗೆ ನಡುಗುತ್ತಿದೆ. ಕೆಳಗೆ ಎರೆಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು. ತಳಪಾಯ ಎರಡು ಬೆರಳು ಅಲ್ಲಾಡಿದರೆ ಇಟ್ಟಿಗೆ ಗೋಡೆ ಬಿರುಕು ಬಿಡುತ್ತದೆ, ಫಲಕದ ಮನೆಯಲ್ಲಿ ಕೀಲೇ ಬಾಯ್ಬಿಡುತ್ತದೆ. ಇಲ್ಲಿ ಕೀಲಿನ ಸಾಮಾನು ಅಗ್ಗದ್ದು ಆಗಕೂಡದು, ಕೊರತೆಯಂತೂ ಆಗಲೇಬಾರದು.

ಹಗುರ ಪದ್ಧತಿಗಳಿವೆಯಲ್ಲ ಎಂದು ಕೇಳಬಹುದು. ತೆಳು ಉಕ್ಕಿನ ಚೌಕಟ್ಟಿಗೆ ಸಿಮೆಂಟ್ ಬೋರ್ಡ್ ಹೊಡೆದ ಮನೆ, ಥರ್ಮೋಕೋಲ್ ತಿರುಳಿನ ಫಲಕದ ಮನೆ. ಇವಕ್ಕೆ ಲಾರಿ ಕಡಿಮೆ ಸಾಕು, ಸಣ್ಣ ಕ್ರೇನೂ ಬೇಡ. ಆದರೆ ಥರ್ಮೋಕೋಲ್ ಆಗುವುದು ಸ್ಟೈರೀನ್ ಎಂಬ ರಾಸಾಯನಿಕದಿಂದ, ಅದು ದೇಶಕ್ಕೆ ಬಹುಪಾಲು ಹಡಗಿನಲ್ಲೇ ಬರುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಸಮುದ್ರದ ಬಾಡಿಗೆ ಹೇಗೆ ಏರಿತು ಅನ್ನುವುದು ನೆನಪಿರಬೇಕು. ಭಾರದ ತೊಂದರೆ ತಪ್ಪಿಸಲು ಹೋಗಿ ದೂರದ ತೊಂದರೆ ತಂದುಕೊಂಡಂತೆ.

ಮಳೆ, ಕಬ್ಬು, ರಸ್ತೆ

ಈ ಭಾಗದ ಲಾರಿ ಲೆಕ್ಕ ಹಾಕುವವರು ಪಂಚಾಂಗವನ್ನೂ ನೋಡಬೇಕು. ಜುಲೈ, ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದಲ್ಲಿ ಮಳೆ ಹೊಡೆದರೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬರುತ್ತವೆ. ಗೋಕಾಕ ಹತ್ತಿರದ ಲೋಳಸೂರ ಸೇತುವೆಯಂಥವು ಮುಳುಗುತ್ತವೆ. ಯಾದವಾಡದ ಸಿಮೆಂಟು ಸುತ್ತು ಹಾಕಿ ಬರಬೇಕು. ಎರೆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರೇ ಹೂತುಹೋಗುವಾಗ ಕ್ರೇನಿನ ಮಾತೇ ಇಲ್ಲ.

ಮಳೆ ನಿಂತಿತು ಅನ್ನುವಾಗ ಕಬ್ಬಿನ ಹಂಗಾಮು ಶುರು. ಅಕ್ಟೋಬರ್, ನವೆಂಬರ್‌ನಿಂದ ಮೂರು ನಾಲ್ಕು ತಿಂಗಳು ಮುಧೋಳ, ಜಮಖಂಡಿ, ರಾಯಬಾಗ, ಗೋಕಾಕದ ರಸ್ತೆಗಳೆಲ್ಲ ಕಬ್ಬಿನ ಟ್ರ್ಯಾಕ್ಟರುಗಳದ್ದು. ಲಾರಿ ಬಾಡಿಗೆ ಏರುತ್ತದೆ, ಚಾಲಕರು ಸಿಗುವುದಿಲ್ಲ. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ದಿನಗಟ್ಟಲೆ ಕೂತರು, ಹೆದ್ದಾರಿ ನಿಂತಿತು. ಬೆಳೆದವರು ತಮ್ಮ ಬೆಲೆ ಕೇಳುವುದು ನ್ಯಾಯ. ಅಂಥ ದಿನಗಳು ಬರುತ್ತವೆ ಎಂದು ಲೆಕ್ಕದಲ್ಲಿಟ್ಟುಕೊಂಡು ಸಾಮಾನು ಮುಂಚೆಯೇ ಕೂಡಿಡಬೇಕಾದದ್ದು ಕಟ್ಟುವವರ ಕೆಲಸ.

ಹಾಗೆ ನೋಡಿದರೆ ಭಾರದ ಫಲಕ ಸಾಗಿಸಲು ನಿರಾಳವಾದ ಕಾಲ ಮಾರ್ಚ್‌ನಿಂದ ಮೇ ಕೊನೆಯವರೆಗೆ. ಮೂರೇ ತಿಂಗಳು. ಉಳಿದ ಒಂಬತ್ತು ತಿಂಗಳು ಅಂಗಳದಲ್ಲಿ ಎರಕ ಹಾಕಿ ಪೇರಿಸಿಡಬೇಕು. ಪೇರಿಸಲು ಜಾಗ ಬೇಕು, ಅಷ್ಟು ದಿನ ಸಿಕ್ಕಿಬಿದ್ದ ಬಂಡವಾಳಕ್ಕೆ ಬಡ್ಡಿ ಕಟ್ಟಬೇಕು. ಇದಕ್ಕೆ ಒಂದು ದಾರಿ ಎಂದರೆ ಪುನರ್ವಸತಿ ಕೇಂದ್ರದ ಪಕ್ಕದಲ್ಲೇ ತಾತ್ಕಾಲಿಕ ಎರಕದ ಅಂಗಳ ಮಾಡುವುದು. ಹೆದ್ದಾರಿ, ಕಾಲುವೆ ಕೆಲಸದಲ್ಲಿ ಗುತ್ತಿಗೆದಾರರು ಇದನ್ನು ಮಾಡಿಯೇ ಇದ್ದಾರೆ. ಆಗ ರಸ್ತೆಯ ಮೇಲೆ ಬರುವುದು ಸಿಮೆಂಟು, ಜಲ್ಲಿ ಮಾತ್ರ. ಅವು ಚೂರಾಗುವ ಭಯವಿಲ್ಲ.

ಆರ್ಡರ್ ಇಲ್ಲದೆ ಅಚ್ಚು ಯಾರು ಮಾಡಿಸುತ್ತಾರೆ?

ಸಾಮಾನಿನ ಕೊರತೆ ಕಣ್ಣಿಗೆ ಕಾಣುತ್ತದೆ. ಬೇಡಿಕೆಯ ಏರುಪೇರು ಕಾಣುವುದಿಲ್ಲ. ಉದ್ಯಮವನ್ನು ಜಾಸ್ತಿ ಕೆಡಿಸುವುದು ಅದೇ.

ಉಕ್ಕಿನ ಅಚ್ಚು ದುಬಾರಿ. ಅದೇ ಅಚ್ಚಿನಲ್ಲಿ ನೂರಾರು ಸಲ ಎರಕ ಹಾಕಿದಾಗ ಮಾತ್ರ ದುಡ್ಡು ವಾಪಸ್ ಬರುತ್ತದೆ. ಹಾಗಾಗಬೇಕಾದರೆ ಒಂದೇ ಅಳತೆಯ ಗೋಡೆಗೆ ವರ್ಷವಿಡೀ ಆರ್ಡರ್ ಇರಬೇಕು. ಇಲ್ಲಿ ದೊಡ್ಡ ಆರ್ಡರ್ ಬರಬಹುದಾದದ್ದು ಮುಳುಗಡೆ ಪುನರ್ವಸತಿಯಿಂದ. ಅದರ ದಿನಾಂಕ ಕೋರ್ಟು, ಗೆಜೆಟ್, ಬಜೆಟ್ ಮೂರರ ಮೇಲೆ ನಿಂತಿದೆ. ಮುಂದಿನ ವರ್ಷವೋ, ಐದು ವರ್ಷದ ಮೇಲೋ? ಅದು ಗೊತ್ತಿಲ್ಲದೆ ಯಾವ ಉದ್ಯಮಿ ಕೋಟಿಗಟ್ಟಲೆ ಹಾಕುತ್ತಾನೆ? ಬ್ಯಾಂಕು ತಾನೇ ಹೇಗೆ ಸಾಲ ಕೊಡುತ್ತದೆ?

ದೇಶದಲ್ಲಿ ಇದರ ಹಳೆಯ ಪಾಠ ಒಂದಿದೆ, ಅದಕ್ಕೆ ಮೈಸೂರಿನ ನಂಟೂ ಇದೆ. 1939ರಿಂದ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದ ಓಟೋ ಕೋನಿಗ್ಸ್‌ಬರ್ಗರ್ ಸ್ವಾತಂತ್ರ್ಯದ ನಂತರ ಕೇಂದ್ರದಲ್ಲಿ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡು ಬಂದವರಿಗಾಗಿ 1948ರಲ್ಲಿ ದೆಹಲಿಯಲ್ಲಿ ಸರ್ಕಾರಿ ಮನೆ ಕಾರ್ಖಾನೆ ಶುರುವಾಯಿತು. ಫಲಕಗಳು ಬಿರುಕು ಬಿಟ್ಟವು. ಅಂದುಕೊಂಡಷ್ಟು ಮನೆಗಳು ಆಗಲಿಲ್ಲ, ಟೀಕೆ ಎದ್ದಿತು, ಅವರು 1951ರಲ್ಲಿ ದೇಶ ಬಿಟ್ಟರು. ಕಾರ್ಖಾನೆ ಮಾತ್ರ ಹೆಸರು ಬದಲಿಸಿಕೊಂಡು, ಬೇರೆ ಬೇರೆ ಕಾಂಕ್ರೀಟ್ ಸಾಮಾನು ಮಾಡುತ್ತ ಹಿಂದೂಸ್ತಾನ್ ಪ್ರಿಫ್ಯಾಬ್ ಆಗಿ ಉಳಿಯಿತು. ಒಂದೇ ಬಗೆಯ ತುರ್ತು ಬೇಡಿಕೆಯನ್ನು ನಂಬಿ ನಿಂತಾಗ ಸೋತಿತ್ತು, ಹತ್ತು ಬಗೆಯ ದಿನದ ಬೇಡಿಕೆ ಹಿಡಿದಾಗ ಬದುಕಿತು.

ಹಣ ಬರುವ ರೀತಿಯಲ್ಲೂ ತೊಡಕಿದೆ. ನಮ್ಮ ವಸತಿ ಯೋಜನೆಗಳಲ್ಲಿ ದುಡ್ಡು ಹಂತ ಹಂತವಾಗಿ ಬರುತ್ತದೆ. ತಳಪಾಯ ಆಯ್ತಾ, ಫೋಟೋ ಹಾಕು, ಒಂದು ಕಂತು. ಗೋಡೆ ಆಯ್ತಾ, ಇನ್ನೊಂದು ಕಂತು. ಪ್ರಿಕಾಸ್ಟ್‌ನಲ್ಲಿ ಮುಕ್ಕಾಲು ಖರ್ಚು ಜಾಗಕ್ಕೆ ಸಾಮಾನು ಬರುವ ಮುಂಚೆಯೇ ಆಗಿರುತ್ತದೆ. ಜಾಗದಲ್ಲಿ ಫೋಟೋ ತೆಗೆಯಲು ಏನೂ ಇರುವುದಿಲ್ಲ. ತೆರಿಗೆಯೂ ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಒಳ್ಳೆಯದಾಯಿತು. ಆದರೆ ಊರ ಗೌಂಡಿಯ ದಿನಗೂಲಿಗೆ ಜಿಎಸ್‌ಟಿ ಇಲ್ಲ. ಅದೇ ಕೆಲಸ ಅಂಗಳದೊಳಗೆ ನಡೆದು ಫಲಕವಾಗಿ ಬಂದರೆ ಕೂಲಿಯೂ ಸೇರಿದ ಪೂರ್ತಿ ಬೆಲೆಗೆ ಶೇ 18 ಬೀಳುತ್ತದೆ. ಸಣ್ಣ ಮನೆಯವರಿಗೆ ಇದು ಸಣ್ಣ ಮೊತ್ತವಲ್ಲ.

ಎರಡು ಕಡೆಯ ಮಾತು

ಪ್ರಿಕಾಸ್ಟ್ ಬೇಕು ಅನ್ನುವವರು ಚೆನ್ನೈ ಉದಾಹರಣೆ ಕೊಡುತ್ತಾರೆ. ಕೇಂದ್ರದ ಲೈಟ್ ಹೌಸ್ ಯೋಜನೆಯಲ್ಲಿ ಅಲ್ಲಿ 1,152 ಮನೆಗಳನ್ನು ಪ್ರಿಕಾಸ್ಟ್‌ನಲ್ಲಿ ಕಟ್ಟಿದರು. 2021ರ ಜನವರಿ 1ರಂದು ಅಡಿಗಲ್ಲು, 2022ರ ಮೇ ತಿಂಗಳಲ್ಲಿ ಉದ್ಘಾಟನೆ. ಹನ್ನೆರಡು ತಿಂಗಳ ಗುರಿ ಹದಿನೇಳರ ಹತ್ತಿರ ಹೋದರೂ, ಕೋವಿಡ್ ನಡುವೆ ಅದು ದೊಡ್ಡ ಸಾಧನೆಯೇ. ಆದರೆ ಅದು ಬಹುಮಹಡಿ ಕಟ್ಟಡ, ಒಂದೇ ಜಾಗ, ಒಂದೇ ಗುತ್ತಿಗೆ, ಪಕ್ಕದಲ್ಲೇ ಮಹಾನಗರ. ನಮ್ಮಲ್ಲಿ ಬೇಕಾಗುವುದು ಹತ್ತಾರು ಊರುಗಳಲ್ಲಿ ಚದುರಿದ ಒಂಟಿ ಮನೆಗಳು.

ಬೇಡ ಅನ್ನುವವರ ಮಾತಿಗೂ ತೂಕವಿದೆ. 2009ರ ನೆರೆಯ ನಂತರ ಆಸರೆ ಯೋಜನೆಯಲ್ಲಿ ಬೇಗ ಬೇಗ ಕಟ್ಟಿದ ಮನೆಗಳಿಗೆ ಹಲವು ಕಡೆ ಜನ ಹೋಗಲೇ ಇಲ್ಲ. ದನ ಕಟ್ಟಲು ಜಾಗವಿಲ್ಲ, ಕಾಳು ಕಡಿ ಇಡಲು ಜಾಗವಿಲ್ಲ, ಹೊಲ ದೂರ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಒಡೆದು ಬಾಗಿಲು ಇಡುವುದು ನಮ್ಮಲ್ಲಿ ಮಾಮೂಲು. ಭಾರ ಹೊರುವ ಫಲಕದ ಗೋಡೆಯನ್ನು ಹಾಗೆ ಒಡೆಯಲು ಬರುವುದಿಲ್ಲ. ಊರಿನ ಗೌಂಡಿಗಳು ತಮ್ಮ ಕೆಲಸ ಹೋಗುತ್ತದೆ ಅನ್ನುತ್ತಾರೆ, ಅದೂ ಖರೆ.

ನಡುವಿನ ದಾರಿಯೊಂದು ಬಹಳ ಕಾಲದಿಂದ ಇದೆ, ಅದರ ಬಗ್ಗೆ ಮಾತು ಕಡಿಮೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಹಲಗೆ ಮತ್ತು ತೊಲೆಯ ಛಾವಣಿ. ಸಣ್ಣ ಕಾಂಕ್ರೀಟ್ ತೊಲೆಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೆ ಇಬ್ಬರು ಮೂವರು ಎತ್ತುವಷ್ಟು ಭಾರದ ಹಲಗೆ ಜೋಡಿಸಿ, ಮೇಲೆ ತೆಳುವಾಗಿ ಕಾಂಕ್ರೀಟ್ ಹಾಕುವುದು. ದೊಡ್ಡ ಕ್ರೇನ್ ಬೇಡ, ಸೆಂಟ್ರಿಂಗ್ ಬೇಡ. ನಮ್ಮ ಹಳೆಯ ಮಾಳಿಗೆ ಮನೆಯ ತೊಲೆ, ಜಂತಿಯ ಲೆಕ್ಕವೇ ಇದು, ಕಟ್ಟಿಗೆ ಬದಲು ಕಾಂಕ್ರೀಟು. ಗೋಡೆಯನ್ನು ಊರ ಗೌಂಡಿಯೇ ಹಾರುಬೂದಿ ಇಟ್ಟಿಗೆಯಲ್ಲೋ ಕಲ್ಲಿನಲ್ಲೋ ಕಟ್ಟಬಹುದು. ಮುಂದೆ ಬಾಗಿಲು ಒಡೆಯಲೂಬಹುದು. ಕಾಂಪೌಂಡ್ ಫಲಕ ಮಾಡುವ ಸಣ್ಣ ಅಂಗಳದವರೇ ತರಬೇತಿ ಪಡೆದು ಇದನ್ನು ತಯಾರಿಸಬಹುದು. ಹಳ್ಳಿಯ ಒಂಟಿ ಮನೆಗೆ ಇದೇ ಹೆಚ್ಚು ತಾಳಿಕೆಯ ದಾರಿ. ಒಂದು ಅಂಗಳದ ಕೆಲಸ ನಿಂತುಹೋದರೂ ಪಕ್ಕದ ತಾಲೂಕಿನದು ಸಾಮಾನು ಕೊಡುತ್ತದೆ. ಪೂರ್ತಿ ಪ್ರಿಕಾಸ್ಟ್ ಶಾಲೆ, ಆಸ್ಪತ್ರೆ, ಬಾಗಲಕೋಟೆಯ ನವನಗರದ ಬಹುಮಹಡಿ ಮನೆಗಳಿಗೆ ಇರಲಿ.

ಈಗ ಆಗಬಹುದಾದದ್ದು, ಆಗದಿದ್ದರೆ

ಪಕ್ಕದ ತಾಲೂಕಿನ ಹಲಗೆ ಕೂಡಬೇಕಾದರೆ ಅಳತೆ ಒಂದೇ ಇರಬೇಕು. ಹಲಗೆ, ತೊಲೆ, ಲಿಂಟಲ್, ಚೌಕಟ್ಟು ಇಷ್ಟಕ್ಕೆ ಮೂರು ಜಿಲ್ಲೆಗೂ ಒಂದೇ ಅಳತೆ ಗೊತ್ತು ಮಾಡುವುದಕ್ಕೆ ಗೆಜೆಟ್ ಅಧಿಸೂಚನೆ ಬೇಕಿಲ್ಲ. ಅಂಗನವಾಡಿ, ಶಾಲೆ ಕೊಠಡಿ, ಚರಂಡಿ ಮುಚ್ಚಳ, ಬಸ್ ತಂಗುದಾಣ ವರ್ಷ ವರ್ಷ ಕಟ್ಟುತ್ತಲೇ ಇರುತ್ತಾರೆ. ಅವುಗಳಲ್ಲಿ ಒಂದು ಪಾಲನ್ನು ಈ ಅಳತೆಯಲ್ಲೇ ಕೊಂಡರೆ ಅಂಗಳಗಳಿಗೆ ದಿನದ ಕೆಲಸ ಸಿಗುತ್ತದೆ, ಅಚ್ಚು ಖಾಲಿ ಕೂರುವುದಿಲ್ಲ. ಕೊಕ್ಕೆ, ಪ್ಲೇಟು, ಕಪ್ಲರ್‌ಗೆ ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿ, ಮಷೀನ್ ಶಾಪ್‌ಗಳ ಬಾಗಿಲು ತಟ್ಟಬೇಕು. ವಾಹನದ, ಪಂಪಿನ ನಿಖರ ಬಿಡಿಭಾಗ ಮಾಡುವ ಊರಿಗೆ ಇದು ಆಗದ ಕೆಲಸವಲ್ಲ. ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಲು ಸಮಯ ಹಿಡಿಯುತ್ತದೆ, ಅದಕ್ಕೇ ಈಗಲೇ ಶುರುವಾಗಬೇಕು. ಹಣದ ಕಂತನ್ನು ಅಂಗಳದಲ್ಲೇ ತಪಾಸಣೆ ಮಾಡಿ ಕೊಡುವ ನಿಯಮವೂ ಬೇಕು. ತಪ್ಪು ಎರಕವನ್ನು ಅಲ್ಲಿ ತಡೆಯುವುದು ಸುಲಭ, ನಿಲ್ಲಿಸಿದ ಮೇಲೆ ಕಷ್ಟ.

ಹೀಗೆ ಆಗದೆ ಹೋದರೆ ಏನಾಗುತ್ತದೆ ಅನ್ನುವುದನ್ನು ಊಹಿಸುವುದು ಕಷ್ಟವಲ್ಲ. ಮೇಲಿನಿಂದ ಆದೇಶ ಬಂದ ದಿನ ಎಲ್ಲ ಟೆಂಡರ್ ಒಮ್ಮೆಗೇ ಹೊರಬೀಳುತ್ತವೆ. ಆ ಗಾತ್ರದ ಅನುಭವ ಇರುವ ಹೊರಗಿನ ಒಂದೋ ಎರಡೋ ಕಂಪನಿಗಳಿಗೆ ಕೆಲಸ ಹೋಗುತ್ತದೆ. ಅವರು ಅಂಗಳ ಹಾಕುತ್ತಾರೆ, ತಮ್ಮದೇ ಅಳತೆಯ ಅಚ್ಚು ತರುತ್ತಾರೆ, ಮನೆ ನಿಲ್ಲಿಸುತ್ತಾರೆ, ಅಚ್ಚು, ಕ್ರೇನು, ಕೆಲಸಗಾರರ ಸಮೇತ ಹೊರಟುಹೋಗುತ್ತಾರೆ. ನಾಲ್ಕು ಮಳೆಗಾಲ ಕಳೆದು ಒಂದು ಮನೆಯ ಸಂದಿನಲ್ಲಿ ನೀರು ಜಿನುಗಲು ಶುರುವಾದಾಗ ಆ ಮನೆಯವರು ಊರ ಗೌಂಡಿಯನ್ನು ಕರೆಯುತ್ತಾರೆ. ಅವನಿಗೆ ಆ ಕೀಲಿನ ಒಳಗೆ ಏನಿದೆ ಎಂದು ಯಾರೂ ತೋರಿಸಿರುವುದಿಲ್ಲ, ಅದಕ್ಕೆ ಬೇಕಾದ ಸೀಲೆಂಟ್ ತಾಲೂಕಿನ ಯಾವ ಅಂಗಡಿಯಲ್ಲೂ ಇರುವುದಿಲ್ಲ. ಅವನು ಸಂದಿಗೆ ಒಂದು ಬುಟ್ಟಿ ಸಿಮೆಂಟು ಮೆತ್ತುತ್ತಾನೆ. ಬೇಸಿಗೆಯಲ್ಲಿ ಎರೆಮಣ್ಣು ಮತ್ತೆ ಬಿರಿಯುತ್ತದೆ.